ಕೂಸು ಹುಟ್ಟುವ ಮುನ್ನ ಕುಲಾವಿ: ಆಟದ ಋತುವಿಗೆ ಭವಿಷ್ಯ ನುಡಿಯುವುದೆಂದರೆ

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ ಹಿರಿಯೂರಿನ ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. 'ಏನಣ್ಣಾ, ಈ ಸಲ ಹೆಂಗೆ?' ಕೇಳಿದವರು ತೋಟ ಇರುವ ಹಿರಿಯರಾದರೆ ಅದು ಮಳೆಯ ಪ್ರಶ್ನೆ. ಕೇಳಿದವನು ಕಾಲೇಜು ಹುಡುಗನಾದರೆ ಅದು ಐಪಿಎಲ್ ಪ್ರಶ್ನೆ. ಉತ್ತರ ಹೇಳುವವರಿಗಂತೂ ಎರಡರಲ್ಲೂ ಸಂಕೋಚವಿಲ್ಲ. 'ಈ ಸಲ ಮಳೆ ಮುಂದಾಗೇ ಬರುತ್ತೆ' ಎನ್ನುವ ಬಾಯಿಯೇ 'ಈ ಸಲ ಕಪ್ ನಮ್ದೇ' ಎಂದೂ ಹೇಳುತ್ತದೆ.

ಇನ್ನೂ ಆರಂಭವಾಗದ ಋತುವಿನ ಫಲವನ್ನು ಮೊದಲೇ ಹೇಳಿಬಿಡುವ ಆಸೆ ಮನುಷ್ಯನಿಗೆ ಹೊಸದಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರಂತೆ ಎಂದು ನಮ್ಮ ಹಿರಿಯರು ನಕ್ಕರು. ಆದರೆ ನಕ್ಕವರೂ ಕುಲಾವಿ ಹೊಲಿಸುವುದನ್ನು ಬಿಡಲಿಲ್ಲ. ಅಮೆರಿಕದಲ್ಲಿ ವೃತ್ತಿಪರ ಬೇಸ್‌ಬಾಲ್ ಋತು ಶುರುವಾಗುವುದೂ ಹೆಚ್ಚುಕಡಿಮೆ ಇದೇ ಮಾರ್ಚ್ ಕೊನೆಯಲ್ಲಿ. ಅಲ್ಲಿಯೂ ಪತ್ರಿಕೆಗಳ ತುಂಬ ಭವಿಷ್ಯವಾಣಿ. ಯಾವ ತಂಡ ಎಷ್ಟು ಪಂದ್ಯ ಗೆಲ್ಲುತ್ತದೆ, ಯಾರು ಕೊನೆಯ ಸ್ಥಾನಕ್ಕೆ ಬೀಳುತ್ತಾರೆ, ಅಕ್ಟೋಬರಿನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಯಾರದು ಎಂಬ ಪಟ್ಟಿಗಳು ಮೊದಲ ಚೆಂಡು ಬೀಳುವ ಮುನ್ನವೇ ಸಿದ್ಧವಾಗಿರುತ್ತವೆ.

ಈ ಭವಿಷ್ಯಗಳಿಗೆ ಬೆಲೆ ಇದೆಯೆ? ಇದ್ದರೆ ಎಷ್ಟು? ಹರಟೆಯ ಮಟ್ಟದಲ್ಲಿ ಇದೊಂದು ವಿನೋದದ ಪ್ರಶ್ನೆ. ಆದರೆ ಭವಿಷ್ಯದ ಮಾತನ್ನು ನಂಬಿ ಹಣ ಕಟ್ಟಿದವರ ಮನೆಗಳಲ್ಲಿ ಇದು ವಿನೋದವಾಗಿ ಉಳಿದಿಲ್ಲ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಕಾರಣಿಕವೂ ಪಂಚಾಂಗವೂ

ಋತುವಿನ ಭವಿಷ್ಯ ಹೇಳುವ ನಮ್ಮ ನಾಡಿನ ಪದ್ಧತಿಗಳಲ್ಲಿ ಮೈಲಾರದ ಕಾರಣಿಕ ಬಹಳ ಪ್ರಸಿದ್ಧವಾದುದು. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಮಯ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಅಷ್ಟೂ ಜನ ಸ್ತಬ್ಧರಾಗುತ್ತಾರೆ. ಆತ ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ಒಂದು ಸಾಲಿನಲ್ಲಿ ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲವೂ ಅಡಗಿದೆ ಎಂಬುದು ನಂಬಿಕೆ. ಅರ್ಥ ಬಿಡಿಸುವ ಕೆಲಸ ಕೇಳಿದವರದು.

ಕಾರಣಿಕದ ಶಕ್ತಿ ಇರುವುದು ಅದು ಒಗಟಿನಂತೆ ಇರುವುದರಲ್ಲಿ. ಅದೇ ಸಾಲನ್ನು ಮಳೆ ಬಂದರೂ ಹೊಂದಿಸಬಹುದು, ಬಾರದಿದ್ದರೂ ಹೊಂದಿಸಬಹುದು. ಇದನ್ನು ಕೊರತೆ ಎಂದು ಹೇಳುತ್ತಿಲ್ಲ. ವರ್ಷದ ಅನಿಶ್ಚಯವನ್ನು ಸಾವಿರಾರು ಜನ ಒಟ್ಟಿಗೆ ನಿಂತು ಎದುರಿಸುವ ಕ್ರಮ ಅದು. ಆದರೆ ತಪ್ಪಾಯಿತು ಎಂದು ಎಂದೂ ಹೇಳಲಾಗದ ಮಾತನ್ನು ಲೆಕ್ಕವೆಂದು ಕರೆಯಲಾಗದು.

ಯುಗಾದಿಯ ಪಂಚಾಂಗ ಶ್ರವಣ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈ ವರ್ಷ ಮೇಘಾಧಿಪತಿ ಯಾರು, ಸಸ್ಯಾಧಿಪತಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು ಎಂದು ಅಂಕಿಗಳಲ್ಲೇ ಹೇಳುತ್ತದೆ. ರೈತರು ಇದರ ಜೊತೆಗೆ ಮಳೆ ನಕ್ಷತ್ರಗಳ ಗಾದೆಗಳನ್ನೂ ಇಟ್ಟುಕೊಂಡಿದ್ದಾರೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುವುದು ತಲೆಮಾರುಗಳು ಹೊಲದಲ್ಲಿ ನಿಂತು ಕಂಡ ಅನುಭವದ ಮಾತು. ಅಂದರೆ ಹಿಂದೆ ಏನಾಯಿತು ಎಂಬುದನ್ನು ನೆನಪಿಟ್ಟು ಮುಂದೆ ಏನಾದೀತು ಎಂದು ಊಹಿಸುವ ಕ್ರಮ ಇಲ್ಲಿ ಆಗಲೇ ಇದೆ. ಬೇಸ್‌ಬಾಲ್ ನಾಡಿನವರು ಮಾಡಿದ್ದೂ ಇದನ್ನೇ. ಆದರೆ ಅವರು ನೆನಪಿನ ಬದಲು ಪುಸ್ತಕ ಇಟ್ಟರು.

ಓಟಗಳ ವರ್ಗ

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ದಾಯಾದಿ. ಒಬ್ಬ ಚೆಂಡೆಸೆಯುತ್ತಾನೆ, ಇನ್ನೊಬ್ಬ ದಾಂಡಿನಿಂದ ಹೊಡೆದು ಓಡುತ್ತಾನೆ. ಅಮೆರಿಕದ ಮೇಜರ್ ಲೀಗಿನಲ್ಲಿ 30 ತಂಡಗಳಿವೆ. ಒಂದೊಂದು ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನಾಡುತ್ತದೆ. ಹೆಚ್ಚುಕಡಿಮೆ ದಿನಕ್ಕೊಂದು ಪಂದ್ಯ. ಪಂದ್ಯಗಳ ಲೆಕ್ಕವನ್ನು ಅಲ್ಲಿನವರು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬರೆದಿಟ್ಟಿದ್ದಾರೆ.

ಈ ರಾಶಿಯಿಂದ ಒಂದು ಸರಳ ಸೂತ್ರವನ್ನು ಹೆಕ್ಕಿ ತೆಗೆದವರು ಬಿಲ್ ಜೇಮ್ಸ್. ತಂಡದ ಗೆಲುವು ಸೋಲುಗಳನ್ನಷ್ಟೇ ನೋಡಬೇಡಿ, ಅದು ಗಳಿಸಿದ ಓಟಗಳನ್ನೂ ಬಿಟ್ಟುಕೊಟ್ಟ ಓಟಗಳನ್ನೂ ನೋಡಿ ಎಂಬುದು ಅವರ ವಾದ. ಗಳಿಸಿದ ಓಟಗಳ ವರ್ಗವನ್ನು, ಗಳಿಸಿದ ಹಾಗೂ ಬಿಟ್ಟುಕೊಟ್ಟ ಓಟಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಆ ತಂಡ ಗೆಲ್ಲಬೇಕಾಗಿದ್ದ ಪಂದ್ಯಗಳ ಪ್ರಮಾಣ ಸಿಗುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವನ್ನು ನೆನಪಿಸುವುದರಿಂದ ಇದಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಉದಾಹರಣೆಗೆ ಒಂದು ತಂಡ 800 ಓಟ ಗಳಿಸಿ 700 ಬಿಟ್ಟುಕೊಟ್ಟರೆ, ಸೂತ್ರದ ಪ್ರಕಾರ ಅದು 162ರಲ್ಲಿ ಸುಮಾರು 92 ಪಂದ್ಯ ಗೆದ್ದಿರಬೇಕು. ನಿಜವಾಗಿ 100 ಗೆದ್ದಿದ್ದರೆ? ಅದೃಷ್ಟ ಕೈ ಹಿಡಿದಿದೆ ಎಂದರ್ಥ. ಮುಂದಿನ ಋತುವಿನಲ್ಲಿ ಅದೇ ಅದೃಷ್ಟ ಮತ್ತೆ ಬರುತ್ತದೆಂದು ನಂಬಬಾರದು. ನಮ್ಮ ಕ್ರಿಕೆಟ್ ಅಭಿಮಾನಿಗಳು ಪ್ಲೇಆಫ್ ಹತ್ತಿರವಾದಾಗ ತಲೆ ಕೆಡಿಸಿಕೊಳ್ಳುವ ನೆಟ್ ರನ್ ರೇಟ್ ಕೂಡ ಇದೇ ವಿಚಾರದ ತಮ್ಮ. ಬರೀ ಗೆದ್ದರೆ ಸಾಲದು, ಎಷ್ಟರಲ್ಲಿ ಗೆದ್ದೆ ಎನ್ನುವುದೂ ಬಲದ ಗುರುತು.

2003ರಲ್ಲಿ ನೇಟ್ ಸಿಲ್ವರ್ ಎಂಬವರ ಪೆಕೋಟಾ ಎಂಬ ಲೆಕ್ಕ ಪ್ರಕಟವಾಯಿತು. ಒಬ್ಬ ಆಟಗಾರನ ಮುಂದಿನ ವರ್ಷ ಹೇಗಿರಬಹುದು ಎಂದು ತಿಳಿಯಲು, ಅದೇ ವಯಸ್ಸಿನಲ್ಲಿ ಅವನಂತೆಯೇ ಆಡಿದ್ದ ಹಳೆಯ ಆಟಗಾರರನ್ನು ಹುಡುಕಿ, ಅವರ ಮುಂದಿನ ವರ್ಷಗಳು ಹೇಗಾದವು ಎಂದು ನೋಡುವುದು ಅದರ ಕ್ರಮ. ಇದರ ಮುಖ್ಯ ಗುಣವೆಂದರೆ ಅದು 'ಹೀಗೇ ಆಗುತ್ತದೆ' ಎನ್ನುವುದಿಲ್ಲ. ಹೀಗಾಗುವ ಸಂಭವ ಇಷ್ಟು, ಹಾಗಾಗುವ ಸಂಭವ ಅಷ್ಟು ಎನ್ನುತ್ತದೆ. ಇದು ಸಣ್ಣ ವ್ಯತ್ಯಾಸದಂತೆ ಕಂಡರೂ ಕಾರಣಿಕಕ್ಕೂ ಲೆಕ್ಕಕ್ಕೂ ಇರುವ ಗೆರೆ ಇದೇ.

ಹದಿನಾಲ್ಕೇ ಪಂದ್ಯ

ಇಷ್ಟೆಲ್ಲ ಲೆಕ್ಕವನ್ನು ನಮ್ಮ ಐಪಿಎಲ್‌ಗೂ ಹಚ್ಚಬಹುದಲ್ಲ ಎಂದು ಕೇಳಬಹುದು. ಹಚ್ಚಬಹುದು, ಹಚ್ಚುತ್ತಲೂ ಇದ್ದಾರೆ. ಆದರೆ ಒಂದು ತೊಡಕಿದೆ. ತಂಡಗಳು ಹತ್ತಾದ 2022ರ ನಂತರವೂ ಐಪಿಎಲ್‌ನ ಲೀಗ್ ಹಂತದಲ್ಲಿ ಒಂದು ತಂಡಕ್ಕೆ ಸಿಕ್ಕಿದ್ದು 14 ಪಂದ್ಯ. 162 ಎಲ್ಲಿ, 14 ಎಲ್ಲಿ!

ನಾಣ್ಯ ಚಿಮ್ಮಿ ನೋಡಿದರೆ ಇದು ಅರ್ಥವಾಗುತ್ತದೆ. ನೂರಕ್ಕೆ ಐವತ್ತು ಗೆಲ್ಲುವಷ್ಟೇ ಬಲವಿರುವ ಸಾಧಾರಣ ತಂಡವೊಂದು 14 ಪಂದ್ಯಗಳಲ್ಲಿ 9 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಂಭವ ನೂರಕ್ಕೆ 21. ಅಂದರೆ ಐದು ಋತುಗಳಲ್ಲಿ ಒಂದು ಸಲ ಸಾಧಾರಣ ತಂಡವೂ ಬಲಾಢ್ಯನಂತೆ ಕಾಣುತ್ತದೆ. ಐದರಲ್ಲಿ ಇನ್ನೊಂದು ಸಲ, 5 ಪಂದ್ಯವನ್ನೂ ದಾಟದೆ ಅಳುತ್ತದೆ. ಅದೇ ತಂಡ ಬೇಸ್‌ಬಾಲಿನಂತೆ 162 ಪಂದ್ಯ ಆಡಿ ಅದೇ ಪ್ರಮಾಣದಲ್ಲಿ, ಅಂದರೆ ಸುಮಾರು 104 ಪಂದ್ಯ ಗೆಲ್ಲುವ ಸಂಭವ ಐದು ಸಾವಿರಕ್ಕೊಂದು. ಪಂದ್ಯ ಹೆಚ್ಚಿದಷ್ಟೂ ಬಲ ಗೆಲ್ಲುತ್ತದೆ, ಪಂದ್ಯ ಕಡಿಮೆಯಾದಷ್ಟೂ ಅದೃಷ್ಟಕ್ಕೆ ಎಡೆ ಸಿಗುತ್ತದೆ.

ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಚರಿತ್ರೆಯೇ ಇದಕ್ಕೆ ಸಾಕ್ಷಿ. 2016ರಲ್ಲಿ ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಹೊಡೆದರು, ತಂಡ ಫೈನಲ್ ತಲುಪಿತು, 8 ರನ್‌ಗಳಿಂದ ಸೋತಿತು. ಇನ್ನು ಮುಂದಿನ ವರ್ಷ ಕಪ್ಪು ಬಂದಂತೆಯೇ ಎಂದರು ಎಲ್ಲರೂ. ಮುಂದಿನ ವರ್ಷ ಅದೇ ತಂಡ ಕೋಲ್ಕತ್ತದಲ್ಲಿ ಬರೀ 49 ರನ್ನಿಗೆ ಆಲೌಟಾಯಿತು, ಪಟ್ಟಿಯ ಕೊನೆಯ ಸ್ಥಾನದಲ್ಲಿ ಋತು ಮುಗಿಸಿತು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಾಗ ಕಥೆ ಮುಗಿಯಿತು ಎಂದವರೇ ಹೆಚ್ಚು. ಉಳಿದ ಆರನ್ನೂ ಸಾಲಾಗಿ ಗೆದ್ದು ತಂಡ ಪ್ಲೇಆಫ್ ಸೇರಿತು. ಋತುವಿನ ನಡುವೆ ನಿಂತು ಹೇಳಿದ ಭವಿಷ್ಯವೇ ಹೀಗಾದರೆ ಋತುವಿನ ಮುಂಚೆ ಹೇಳಿದ್ದಕ್ಕೆ ಎಷ್ಟು ಬೆಲೆ ಕೊಡುವುದು?

ಶಾಪವೋ, ಸಂಭವವೋ

ಬಹುಕಾಲ ಗೆಲ್ಲದ ತಂಡಕ್ಕೆ ಶಾಪವಿದೆ ಎನ್ನುವುದು ಎಲ್ಲ ನಾಡುಗಳಲ್ಲೂ ಇರುವ ನಂಬಿಕೆ. ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡ 1918ರಲ್ಲಿ ಚಾಂಪಿಯನ್ ಆಯಿತು. ಆಮೇಲೆ ಬೇಬ್ ರೂತ್ ಎಂಬ ಮಹಾನ್ ಆಟಗಾರನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮಾರಿತು. ಮುಂದಿನ ಚಾಂಪಿಯನ್ ಪಟ್ಟ ಸಿಕ್ಕಿದ್ದು 2004ರಲ್ಲಿ, 86 ವರ್ಷಗಳ ಬಳಿಕ. ಅದು ರೂತ್ ಶಾಪ ಎಂದು ಊರೆಲ್ಲ ನಂಬಿತ್ತು. ಶಿಕಾಗೋದ ಕಬ್ಸ್ ತಂಡದ ಪಾಡು ಇನ್ನೂ ದೊಡ್ಡದು. 1908ರ ನಂತರ 2016ರವರೆಗೆ, 108 ವರ್ಷ ಕಾಯಬೇಕಾಯಿತು. 1945ರಲ್ಲಿ ತನ್ನ ಮೇಕೆಯೊಂದಿಗೆ ಕ್ರೀಡಾಂಗಣಕ್ಕೆ ಬಂದವನೊಬ್ಬನನ್ನು ಹೊರಹಾಕಿದ್ದೇ ಕಾರಣ ಎಂಬುದು ಅಲ್ಲಿಯ ಐತಿಹ್ಯ. ಬ್ರೂಕ್ಲಿನ್ ಡಾಡ್ಜರ್ಸ್ ಅಭಿಮಾನಿಗಳು ಪ್ರತಿ ಸೋಲಿನ ಬಳಿಕವೂ 'ಮುಂದಿನ ವರ್ಷ ನೋಡಿ' ಎನ್ನುತ್ತಿದ್ದರು. 1941ರಿಂದ 1953ರವರೆಗೆ ಐದು ಫೈನಲ್‌ಗಳನ್ನು ಒಂದೇ ಎದುರಾಳಿ ಯಾಂಕೀಸ್‌ಗೆ ಸೋತು, 1955ರಲ್ಲಿ ಕೊನೆಗೂ ಗೆದ್ದರು. ನಮ್ಮ 'ಈ ಸಲ ಕಪ್ ನಮ್ದೇ' ಎಂಬ ಘೋಷಣೆಗೆ ಅಷ್ಟು ದೂರದಲ್ಲಿ ಒಬ್ಬ ಅಣ್ಣ ಇದ್ದಾನೆ ಎಂದಾಯಿತು.

ಈಗ ಶಾಪವನ್ನು ಬದಿಗಿಟ್ಟು ಲೆಕ್ಕ ನೋಡೋಣ. ಬೆಂಗಳೂರು ತಂಡ 2008ರಿಂದ 2024ರವರೆಗೆ 17 ಋತು ಕಪ್ಪಿಲ್ಲದೆ ಆಡಿತು. ಎಲ್ಲ ತಂಡಗಳೂ ಸರಿಸಮ ಬಲದವು ಎಂದು ಇಟ್ಟುಕೊಳ್ಳೋಣ. ಕೆಲವು ವರ್ಷ ಎಂಟು, ಕೆಲವು ವರ್ಷ ಒಂಬತ್ತು, ಹತ್ತು ತಂಡಗಳಿದ್ದವು. ಹಾಗಿದ್ದಾಗ ಒಂದು ತಂಡ 17 ವರ್ಷಗಳಲ್ಲಿ ಒಮ್ಮೆಯೂ ಗೆಲ್ಲದಿರುವ ಸಂಭವ ನೂರಕ್ಕೆ ಸುಮಾರು 12. ಎಂಟು ತಂಡಗಳಿಂದ ಶುರುವಾದ ಕೂಟದಲ್ಲಿ ಯಾವುದಾದರೂ ಒಂದಕ್ಕೆ ಹೀಗಾಗುವುದು ಸಹಜವೇ. ಆಗಿದ್ದೂ ಹಾಗೆಯೇ, ಸ್ವಲ್ಪ ಹೆಚ್ಚೇ. ಮೊದಲ ವರ್ಷದಿಂದ ಆಡಿದ ದೆಹಲಿ ಮತ್ತು ಪಂಜಾಬ್ ತಂಡಗಳಿಗೂ 2025ರ ಋತು ಮುಗಿಯುವವರೆಗೆ ಕಪ್ಪು ಸಿಕ್ಕಿರಲಿಲ್ಲ. ಮುಂಬೈ ಮತ್ತು ಚೆನ್ನೈ ಐದೈದು ಸಲ ಗೆದ್ದುಕೊಂಡಿದ್ದರಿಂದ ಉಳಿದವರ ಪಾಲು ಕಡಿಮೆಯಾಗಿತ್ತು. ಇದರಲ್ಲಿ ಶಾಪಕ್ಕೆ ಜಾಗವೆಲ್ಲಿ?

ಮಾರಿಕಣಿವೆಯ ಪಾಠ

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ನೆನಪಾಗುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ ಅಥವಾ ವಾಣಿವಿಲಾಸ ಸಾಗರ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. 130 ಅಡಿ ಮಟ್ಟ, 30 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಜಲಾಶಯ. ಅದು ಮೊದಲ ಸಲ ಕೋಡಿ ಬಿದ್ದಿದ್ದು 1933ರಲ್ಲಿ. ಅನಂತರ ತಲೆಮಾರುಗಳೇ ಕಳೆದವು. ಅಜ್ಜ ಕಂಡಿದ್ದನ್ನು ಮೊಮ್ಮಗ ಕಾಣಲಿಲ್ಲ. ಈ ಡ್ಯಾಮು ಇನ್ನು ತುಂಬುವುದಿಲ್ಲ ಎಂಬುದು ಹಿರಿಯೂರು, ಹೊಸದುರ್ಗ ಕಡೆಯವರ ಬಾಯಲ್ಲಿ ಗಾದೆಯಂತಾಗಿತ್ತು. 2017ರ ಹೊತ್ತಿಗೆ ನೀರು ತಳ ಮುಟ್ಟಿತ್ತು. ಆ ವರ್ಷ ಯಾರಾದರೂ 'ಐದೇ ವರ್ಷದಲ್ಲಿ ಕೋಡಿ ಬೀಳುತ್ತದೆ' ಎಂದಿದ್ದರೆ ಹೋಟೆಲಿನಲ್ಲಿ ನಗೆಯೇ ಉತ್ತರವಾಗುತ್ತಿತ್ತು. 2022ರ ಸೆಪ್ಟೆಂಬರ್ ಆರಂಭದಲ್ಲಿ, 89 ವರ್ಷಗಳ ನಂತರ, ಸಾಗರ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮೂರನೆಯ ಸಲ ತುಂಬಿತು.

89 ವರ್ಷ ಬಾರದ್ದು ಮೂರೇ ವರ್ಷಗಳಲ್ಲಿ ಎರಡು ಸಲ ಹೇಗೆ ಬಂತು? ಮಳೆ ಚೆನ್ನಾಗಿತ್ತು ಎನ್ನುವುದು ಅರ್ಧ ಉತ್ತರ. ಉಳಿದರ್ಧವೆಂದರೆ 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರಾ ನೀರನ್ನು ಮೇಲೆತ್ತಿ ವೇದಾವತಿಗೆ ಹರಿಸಲಾಯಿತು. ಅಂದರೆ ನಿಯಮವೇ ಬದಲಾಯಿತು. ಹಳೆಯ 89 ವರ್ಷಗಳ ಲೆಕ್ಕ ಹೊಸ ಜಲಾಶಯಕ್ಕೆ ಪೂರ್ತಿ ಅನ್ವಯಿಸಲಿಲ್ಲ.

ಭವಿಷ್ಯ ಹೇಳುವವರು ಕೇಳಬೇಕಾದ ಪ್ರಶ್ನೆಗಳು ಎರಡೇ. ಮೊದಲನೆಯದು: ಹಿಂದೆ ಇಂಥದ್ದು ಎಷ್ಟು ಸಲಕ್ಕೆ ಒಮ್ಮೆ ಆಗಿದೆ? ಎರಡನೆಯದು: ಆಗಿನಿಂದ ಈಗಿಗೆ ಏನು ಬದಲಾಗಿದೆ? ಮೊದಲನೆಯದನ್ನು ಮಾತ್ರ ಕೇಳಿದವನು ಸಾಗರ ತುಂಬುವುದಿಲ್ಲ ಎಂದ. ಎರಡನೆಯದನ್ನು ಮಾತ್ರ ಕೇಳಿದವನು ಪ್ರತಿ ವರ್ಷ ಹೊಸ ಆಟಗಾರರನ್ನು ಕಂಡು ಕಪ್ಪು ಬಂತು ಎಂದ. ಎರಡನ್ನೂ ಕೇಳಿದವನಿಗೆ ಮಾತ್ರ ಹದ ಸಿಗುತ್ತದೆ.

ಬೆಂಗಳೂರು ತಂಡದಲ್ಲೂ ಬದಲಾಗಿದ್ದು ಇತ್ತು. ವರ್ಷಗಳ ಕಾಲ ಬ್ಯಾಟಿಂಗಿಗೆ ಹೆಸರಾದ ಈ ತಂಡ 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಬೌಲಿಂಗಿಗೆ ಗಮನ ಕೊಟ್ಟಿತು. ಜೋಶ್ ಹೇಜಲ್‌ವುಡ್, ಭುವನೇಶ್ವರ್ ಕುಮಾರ್, ಕೃಣಾಲ್ ಪಾಂಡ್ಯ ಬಂದರು. 2025ರಲ್ಲಿ ಹೇಜಲ್‌ವುಡ್ 22 ವಿಕೆಟ್ ಪಡೆದರು. ತವರಿನಾಚೆಯ ಏಳು ಲೀಗ್ ಪಂದ್ಯಗಳನ್ನೂ ತಂಡ ಗೆದ್ದಿತು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿತು. ಆ ಪಂದ್ಯದಲ್ಲಿ 17 ರನ್ ಕೊಟ್ಟು 2 ವಿಕೆಟ್ ಪಡೆದ ಕೃಣಾಲ್ ಪಂದ್ಯಪುರುಷ. 6 ರನ್ ಎಂದರೆ ಒಂದು ಸಿಕ್ಸರ್. 2009ರ ಫೈನಲ್‌ನಲ್ಲಿ ಇದೇ ತಂಡ ಸೋತಿದ್ದೂ 6 ರನ್‌ಗಳಿಂದಲೇ. ಬದಲಾವಣೆಯಿಂದ ಸಂಭವ ಹೆಚ್ಚಿತು, ಕೊನೆಯ ಅಂಗುಲಕ್ಕೆ ಮಾತ್ರ ಅದೃಷ್ಟ ಬೇಕಾಯಿತು ಎನ್ನುವುದು ನ್ಯಾಯವಾದ ಮಾತು.

ಮಾತು ನುಂಗಿದವರು

ಭವಿಷ್ಯ ಸುಳ್ಳಾದಾಗ ಏನು ಮಾಡಬೇಕು? ಇದಕ್ಕೆ ಕ್ರಿಕೆಟ್ ಚರಿತ್ರೆಯಲ್ಲೇ ಒಳ್ಳೆಯ ಮಾದರಿಯಿದೆ. 1983ರ ವಿಶ್ವಕಪ್ ಆರಂಭಕ್ಕೆ ಮುನ್ನ ಇಂಗ್ಲೆಂಡಿನ ಬುಕ್ಕಿಗಳು ಭಾರತಕ್ಕೆ ಕೊಟ್ಟ ದರ ಒಂದಕ್ಕೆ 66. ಪತ್ರಿಕಾ ಸಂಪಾದಕ ಡೇವಿಡ್ ಫ್ರಿತ್ ಅವರಂತೂ ಭಾರತ ಸುಧಾರಿಸದಿದ್ದರೆ ಮುಂದೆ ಕೂಟದಿಂದ ದೂರವಿರುವುದೇ ಲೇಸು ಎಂಬರ್ಥದಲ್ಲಿ ಬರೆದಿದ್ದರು. ಜೂನ್ 25ರಂದು ಭಾರತ ವೆಸ್ಟ್ ಇಂಡೀಸನ್ನು 43 ರನ್‌ಗಳಿಂದ ಸೋಲಿಸಿತು. ಕೂಟದಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಸ್ಟಂಪಿನ ಹಿಂದೆ ಕರ್ನಾಟಕದ ಸೈಯದ್ ಕಿರ್ಮಾನಿ. ಆಮೇಲೆ ಅಮೆರಿಕದಲ್ಲಿದ್ದ ಓದುಗರೊಬ್ಬರು ಫ್ರಿತ್ ಅವರಿಗೆ ಪತ್ರ ಬರೆದು, ಬರೆದದ್ದನ್ನು ತಿನ್ನಿ ಎಂದರು. ಫ್ರಿತ್ ನಿಜವಾಗಿಯೂ ಆ ಹಾಳೆಯನ್ನು ತಿಂದರು, ಚಿತ್ರವನ್ನೂ ಪ್ರಕಟಿಸಿದರು.

ನಮ್ಮ ಹವಾಮಾನ ಇಲಾಖೆಯ ಚರಿತ್ರೆಯಲ್ಲೂ ಇಂಥ ಪ್ರಾಮಾಣಿಕತೆ ಇದೆ. 1886ರಲ್ಲಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮದ ಲೆಕ್ಕ ಹಿಡಿದು ಮುಂಗಾರಿನ ಮೊದಲ ಮುನ್ಸೂಚನೆ ಕೊಟ್ಟರು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ದೂರದ ಸಾಗರಗಳ ಒತ್ತಡಕ್ಕೂ ನಮ್ಮ ಮಳೆಗೂ ಇರುವ ನಂಟನ್ನು ಹುಡುಕಿದರು. ಆದರೂ 2002ರಲ್ಲಿ ವಾಡಿಕೆಯ ಶೇ 101ರಷ್ಟು ಮಳೆ ಎಂದು ಇಲಾಖೆ ಹೇಳಿದರೆ ಬಿದ್ದಿದ್ದು ಶೇ 81. ಬಯಲುಸೀಮೆಗೆ ಆ ಬರದ ನೆನಪಿದೆ. ಇಲಾಖೆ ಮುಂದಿನ ವರ್ಷವೇ ತನ್ನ ಲೆಕ್ಕದ ಮಾದರಿಯನ್ನು ಬದಲಿಸಿತು. ಮುನ್ಸೂಚನೆಯ ಜೊತೆ ಇಷ್ಟು ಶೇಕಡಾ ಹೆಚ್ಚುಕಡಿಮೆ ಆಗಬಹುದು ಎಂದೂ ಹೇಳುತ್ತದೆ. ಹೊಳಲ್ಕೆರೆಯ ರೈತ ನೆನಪಿಡಬೇಕಾದ ಇನ್ನೊಂದು ಮಾತೆಂದರೆ, ಅದು ದೇಶದ ಸರಾಸರಿ, ಅವನ ಹೊಲದ ಮಳೆಯಲ್ಲ.

ನಿಜವಾದ ಭವಿಷ್ಯವನ್ನೂ ಕಣ್ಣುಮುಚ್ಚಿ ಮೆಚ್ಚಬಾರದು. 2014ರಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ತನ್ನ ಮುಖಪುಟದಲ್ಲಿ, ಆಗ ತಳದಲ್ಲಿದ್ದ ಹ್ಯೂಸ್ಟನ್ ಆಸ್ಟ್ರೋಸ್ ತಂಡವನ್ನು 2017ರ ಚಾಂಪಿಯನ್ ಎಂದು ಸಾರಿತು. ಹಿಂದಿನ ವರ್ಷವಷ್ಟೇ ಆ ತಂಡ 111 ಪಂದ್ಯ ಸೋತಿತ್ತು. 2017ರಲ್ಲಿ ಅದು ಗೆದ್ದೇಬಿಟ್ಟಿತು. ಎಂಥ ದೂರದೃಷ್ಟಿ ಎಂದರು ಜನ. 2020ರ ಜನವರಿಯಲ್ಲಿ ದೃಢಪಟ್ಟ ಸಂಗತಿಯೆಂದರೆ, ಆ ಋತುವಿನಲ್ಲಿ ತಂಡ ಎದುರಾಳಿಗಳ ಸನ್ನೆಗಳನ್ನು ಕ್ಯಾಮೆರಾದಿಂದ ಕದ್ದು, ಕಸದ ಡಬ್ಬಿ ಬಡಿದು ತನ್ನ ದಾಂಡಿಗರಿಗೆ ಸುಳಿವು ಕೊಡುತ್ತಿತ್ತು. ಭವಿಷ್ಯ ನಿಜವಾಯಿತು, ಆದರೆ ಅದರಲ್ಲಿ ಭವಿಷ್ಯಕಾರರು ಎಣಿಸದ ಕಾರಣವೂ ಸೇರಿತ್ತು. ಒಂದು ಸಲ ಗುರಿ ಮುಟ್ಟಿದ್ದರಿಂದ ಬಿಲ್ಲುಗಾರ ಆಗುವುದಿಲ್ಲ. ಹತ್ತಾರು ವರ್ಷ ಎಷ್ಟು ಸರಿ, ಎಷ್ಟು ತಪ್ಪು ಎಂಬ ಲೆಕ್ಕ ಬೇಕು.

ಪಣಕ್ಕಿಟ್ಟ ಮಾತು

ಇಷ್ಟು ಹೇಳಿದ ಮೇಲೆ ಕಷ್ಟದ ವಿಷಯಕ್ಕೆ ಬರಬೇಕು. ಐಪಿಎಲ್ ದಿನಗಳಲ್ಲಿ ಭವಿಷ್ಯದ ಮಾತು ಹೋಟೆಲಿನಿಂದ ಮೊಬೈಲಿಗೆ, ಮೊಬೈಲಿನಿಂದ ಬಡ್ಡಿ ಸಾಲಕ್ಕೆ ದಾಟುತ್ತದೆ. ಬೆಟ್ಟಿಂಗ್ ಸಾಲದಿಂದ ಒಂದು ಸಂಸಾರ ಮುರಿದ ಸುದ್ದಿ 2024ರಲ್ಲಿ ನಮ್ಮ ಜಿಲ್ಲೆಯಿಂದಲೇ ರಾಜ್ಯದ ಪತ್ರಿಕೆಗಳಿಗೆ ಹೋಯಿತು. ಜೂಜು ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಕಾನೂನಿಗಿಂತ ಮೊದಲು ತಿಳಿಯಬೇಕಾದ್ದು ಲೆಕ್ಕ.

ಎರಡು ಸರಿಸಮ ತಂಡಗಳ ಪಂದ್ಯ. ನೂರು ರೂಪಾಯಿ ಕಟ್ಟಿ ಗೆದ್ದರೆ ಬುಕ್ಕಿ ನಿಮಗೆ ನಿಮ್ಮ ನೂರೂ ಸೇರಿ 190 ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಸೋತರೆ ನೂರೂ ಹೋಯಿತು. ಹೀಗೆ ನೂರು ಪಂದ್ಯಗಳಿಗೆ ನೂರರಂತೆ ಕಟ್ಟಿದರೆ ನಿಮ್ಮ ಕೈಯಿಂದ ಹೋಗಿದ್ದು 10,000. ಅರ್ಧ ಪಂದ್ಯ ಗೆದ್ದರೆ ಬಂದಿದ್ದು 9,500. ಐನೂರು ಬುಕ್ಕಿಯ ಜೇಬಿಗೆ. ಯಾವ ತಂಡ ಗೆದ್ದರೂ ಅವನಿಗೆ ಚಿಂತೆಯಿಲ್ಲ. ನಿಮ್ಮ ಊಹೆ ಸಾಧಾರಣವಾಗಿದ್ದರೆ ಸೋಲು ಖಚಿತ, ಸೋತದ್ದನ್ನು ಮರಳಿ ಪಡೆಯಲು ಪಣ ದುಪ್ಪಟ್ಟು ಮಾಡಿದರೆ ಸೋಲು ಬೇಗ. ಋತುವಿನ ಬಗ್ಗೆ ಎಲ್ಲ ತಿಳಿದವರೂ, ಬೇಸ್‌ಬಾಲಿನ ನೂರು ವರ್ಷದ ಪುಸ್ತಕಗಳನ್ನು ಅರೆದು ಕುಡಿದವರೂ ಹೇಳುವುದು ಸಂಭವವನ್ನೇ ಹೊರತು ಫಲಿತಾಂಶವನ್ನಲ್ಲ. ಹಾಗಿರುವಾಗ ಮೊಬೈಲಿನಲ್ಲಿ 'ಖಚಿತ ಟಿಪ್' ಮಾರುವವನ ಬಳಿ ಏನಿದ್ದೀತು? ಖಚಿತವಾಗಿ ಗೊತ್ತಿದ್ದರೆ ಅವನು ಅದನ್ನು ಮಾರಬೇಕೆ?

ಲೆಕ್ಕಕ್ಕೆ ಸಿಗದ ಇನ್ನೊಂದು ದಿನವನ್ನೂ ಮರೆಯಬಾರದು. ಕಪ್ಪು ಬಂದ ಮರುದಿನ, 2025ರ ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಕಪ್ಪು ಬರುತ್ತದೆ ಎಂದು ಹದಿನೆಂಟು ವರ್ಷ ಹೇಳಿದ ನಾಡಿಗೆ, ಬಂದ ದಿನ ಬೀದಿಗೆ ಎಷ್ಟು ಜನ ಬಂದಾರು ಎಂಬುದನ್ನು ಮುಂಗಾಣಲು ಆಗಲಿಲ್ಲ. ಭವಿಷ್ಯ ಹೇಳುವುದರ ನಿಜವಾದ ಉಪಯೋಗ ಬಹುಶಃ ಇಂಥಲ್ಲಿ ಇದೆ. ಗೆಲ್ಲುವವರು ಯಾರು ಎನ್ನುವುದಕ್ಕಿಂತ, ಗೆದ್ದರೆ ಏನಾದೀತು, ಸೋತರೆ ಏನಾದೀತು, ಮಳೆ ಬಂದರೆ ಎಲ್ಲಿ ನೀರು ನಿಂತೀತು, ಬಾರದಿದ್ದರೆ ಏನು ಬಿತ್ತುವುದು ಎಂದು ಮೊದಲೇ ಯೋಚಿಸಿ ಸಿದ್ಧವಾಗುವುದರಲ್ಲಿ.

ಹಾಗೆಂದು ಹೋಟೆಲಿನ ಹರಟೆಯನ್ನು ಬಿಡಬೇಕಿಲ್ಲ. ಆಸೆಯಿಂದ ಕೂಗುವ ಘೋಷಣೆಗೆ ಅದರದೇ ಸ್ಥಾನವಿದೆ. ಆಸೆಯನ್ನು ಲೆಕ್ಕವೆಂದು ಭ್ರಮಿಸದಿದ್ದರೆ ಸಾಕು. ಬೇಕಾದವರು ಒಂದು ಪ್ರಯೋಗ ಮಾಡಿ ನೋಡಬಹುದು. ಋತು ಶುರುವಾಗುವ ಮುನ್ನ ಶಾಲೆಯ ನೋಟು ಪುಸ್ತಕವೊಂದರಲ್ಲಿ ಹತ್ತೂ ತಂಡಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಗೆಲ್ಲುವ ಸಂಭವವನ್ನು ನೂರಕ್ಕೆ ಇಷ್ಟು ಎಂದು ಬರೆಯಿರಿ. ಒಟ್ಟು ನೂರೇ ಆಗಬೇಕು. ಕೆಳಗೆ ತಾರೀಕು ಹಾಕಿ. ಹಿಂದಿನ ಪುಟದಲ್ಲಿ ನಿಮ್ಮೂರಿನ ಮುಂಗಾರು ಹೇಗಿದ್ದೀತು ಎಂಬುದನ್ನೂ ಬರೆಯಿರಿ. ಋತು ಮುಗಿದ ಮೇಲೆ ತೆರೆದು ನೋಡಿ. ನಾಲ್ಕಾರು ವರ್ಷ ಹೀಗೆ ಮಾಡಿದವರಿಗೆ ನಮ್ಮ ತಂಡದ ಮುಂದೆ 90 ಎಂದು ಬರೆಯಲು ಕೈ ಬರುವುದಿಲ್ಲ.

ಆಗ ಹಿರಿಯೂರಿನ ಹೋಟೆಲಿನಲ್ಲಿ ಯಾರಾದರೂ 'ಈ ಸಲ ಹೆಂಗಣ್ಣಾ?' ಎಂದರೆ ಉತ್ತರ ಸ್ವಲ್ಪ ಬೇರೆಯಾದೀತು: 'ನೂರಕ್ಕೆ ಹದಿನೈದು ಅನ್ಸುತ್ತೆ ಕಣಪ್ಪಾ. ಬರ್ಲಿ ಅಂತ ಆಸೆ ಮಾತ್ರ ನೂರಕ್ಕೆ ನೂರು.'